ಫೌಸ್ತಿನೊನ ಹೆಬ್ಬೆರಳು

ನಮ್ಮ ಕಣಿವೆಯಲ್ಲಿ ಗಂಡಸು ದಾರಿ ತಪ್ಪಿದರೆ ಕೆಳಕ್ಕೆ ಹೋಗುತ್ತಾನೆ. ಪೇಟೆಯ ಕಾಫಿ ಅಂಗಡಿ, ಅದರ ಹಿಂದಿನ ಇಸ್ಪೀಟು ಕೋಣೆ, ಅದರಾಚೆ ಯಾರದೋ ಮನೆ. ಹೆಂಡತಿಯಾದವಳಿಗೆ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ. ನನ್ನ ಗಂಡ ಫೌಸ್ತಿನೊ ಎಪ್ಪತ್ತರ ಹತ್ತಿರ ಬಂದು ದಾರಿ ತಪ್ಪಿದ್ದು ಮೇಲಕ್ಕೆ. ಬೆಟ್ಟದ ಏಣಿನ ಮೇಲಿರುವ ನಮ್ಮದೇ ಹಕ್ಕಿ ಗೋಪುರಕ್ಕೆ, ಅದೂ ಬೆಳಕು ಹರಿಯುವ ಹೊತ್ತಿಗೆ, ನಾನೇ ಕಾಸಿ ತುಂಬಿಸಿಕೊಟ್ಟ ಕಾಫಿ ಫ್ಲಾಸ್ಕು ಹೆಗಲಿಗೆ ಹಾಕಿಕೊಂಡು.

ಆ ಗೋಪುರ ನನ್ನ ಮಾವನ ಅಪ್ಪ ಕಟ್ಟಿಸಿದ್ದು. ಮೂರಾಳೆತ್ತರದ ಕಲ್ಲಿನ ಗೂಡು, ಮೈತುಂಬ ಬಳ್ಳಿ. ಅದರ ಮುಂದೆ ದುಂಡಗೆ ಎರಡು ಸಾಲು ಮರ, ಸಾಲುಗಳ ನಡುವೆ ಬಲೆ. ಚಳಿಗಾಲಕ್ಕೆ ಮುಂಚೆ ಉತ್ತರದಿಂದ ಬರುವ ಹಕ್ಕಿಗಳು ದಣಿವಾರಿಸಿಕೊಳ್ಳಲು ಈ ತೋಪಿನೊಳಕ್ಕೆ ಇಳಿಯುತ್ತವೆ. ಆಗ ಮೇಲಿನ ಕಿಂಡಿಯಲ್ಲಿ ಕೂತವನು ಬೆತ್ತದಲ್ಲಿ ಹೆಣೆದ ಸುಳ್ಳು ಗಿಡುಗವೊಂದನ್ನು ಬೀಸಿ ಎಸೆಯುತ್ತಾನೆ. ನಿಜವಾದ ಗಿಡುಗವೇ ಬಂತೆಂದು ಹಕ್ಕಿಗಳು ಜೀವ ಕೈಯಲ್ಲಿ ಹಿಡಿದು ಕೆಳಕ್ಕೆ ಧುಮುಕಿ ಬಲೆಗೆ ಬೀಳುತ್ತವೆ. ಹಿಂದೆ ಅವನ್ನು ತಿನ್ನುತ್ತಿದ್ದೆವು, ಮಾರುತ್ತಿದ್ದೆವು. ಈಗ ಕಾಲಿಗೆ ನಂಬರು ಕೊರೆದ ಸಣ್ಣ ಉಂಗುರ ತೊಡಿಸಿ ಹಾರಲು ಬಿಡುತ್ತಾರೆ.

ಗೋಪುರಕ್ಕೆ ಹೆಂಗಸು ಹತ್ತುವಂತಿರಲಿಲ್ಲ. ಹತ್ತಿದರೆ ಹಕ್ಕಿಗಳು ಆ ವರ್ಷ ಬೇರೆ ಕಣಿವೆ ಹಿಡಿಯುತ್ತವಂತೆ. ಮದುವೆಯಾದ ಹೊಸತರಲ್ಲಿ ಬಿಸಿ ಸೂಪಿನ ಪಾತ್ರೆ ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ. ಮಾವ ಮೇಲಿಂದಲೇ, "ಸೂಪು ಅಲ್ಲೇ ಇಡು, ಕಾಲು ತೆಗಿ" ಎಂದ. ಅವನ ಬೆನ್ನ ಹಿಂದೆ ಫೌಸ್ತಿನೊ ನಿಂತಿದ್ದ. ಇಪ್ಪತ್ತೈದರ ಗಂಡಸು, ತುಟಿ ಪಿಟಕ್ ಅನ್ನಲಿಲ್ಲ. ಅವತ್ತಿನಿಂದ ನನ್ನ ಜಾಗ ಗೋಪುರದ ಬುಡದ ಕಲ್ಲುಬೆಂಚು. ಗಂಡಸರು ಬಲೆಯಿಂದ ಬಿಡಿಸಿ ಅಲ್ಲೇ ಕೊಂದು ತಂದ ಹಕ್ಕಿಗಳ ಬುಟ್ಟಿ ನನ್ನ ಮುಂದೆ ಬರುತ್ತಿತ್ತು, ನಾನು ಪುಕ್ಕ ಕೀಳುತ್ತಿದ್ದೆ. ಬುಟ್ಟಿಯೊಳಗೆ ಯಾವುದಾದರೂ ಇನ್ನೂ ಮಿಸುಕಾಡುತ್ತಿದ್ದರೆ ಎದೆಗೆ ಹೆಬ್ಬೆರಳಿಟ್ಟು ಒಮ್ಮೆ ಒತ್ತಿದರೆ ಆಯಿತು. ಅದನ್ನು ಅತ್ತೆ ಕಲಿಸಿಕೊಟ್ಟಿದ್ದಳು, ರೊಟ್ಟಿ ಹಿಟ್ಟು ನಾದುವುದನ್ನು ಕಲಿಸಿದ ವಾರವೇ.

ಆಮೇಲೆ ಬಲೆ ಹಾಕಬಾರದೆಂದು ಸರ್ಕಾರ ಕಾನೂನು ಮಾಡಿತು, ಗೋಪುರಕ್ಕೆ ಬೀಗ ಬಿತ್ತು. ಫೌಸ್ತಿನೊ ಹತ್ತಾರು ವರ್ಷ ಮುಖ ಗಂಟಿಕ್ಕಿಕೊಂಡೇ ಬದುಕಿದ. ನಾಲ್ಕು ವರ್ಷದ ಹಿಂದೆ ಮಿಲಾನಿನಿಂದ ನೊಯೆಮಿ ಬಂದಳು. ಹಕ್ಕಿಗಳ ಬಗ್ಗೆ ಓದಿ ಡಾಕ್ಟರಾದವಳು, ಮೂವತ್ತೈದೋ ಏನೋ, ಕುತ್ತಿಗೆಯವರೆಗೆ ಕತ್ತರಿಸಿದ ಕೂದಲು, ಗಂಡಸರ ಬೂಟು. ಊರಲ್ಲಿ ಎಲ್ಲರೂ ಅವಳನ್ನು ಡಾಕ್ಟ್ರಮ್ಮ ಅಂದರು. ಹಾಡುವ ಹಕ್ಕಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ, ನಮ್ಮ ಏಣಿನ ಮೇಲಿನ ಕಣಿವೆಬಾಯಿ ಅವು ಹಾದುಹೋಗುವ ದೊಡ್ಡ ದಾರಿ, ಅದನ್ನು ಉಂಗುರ ತೊಡಿಸಿ ತೋರಿಸಿಕೊಟ್ಟರೆ ಅಲ್ಲಿ ಬಂದೂಕಿನವರು ಬೇಟೆಗೆ ಕೂರುವುದನ್ನು ನಿಲ್ಲಿಸಬಹುದು ಅಂತ ನಮ್ಮ ಅಡುಗೆಮನೆಯಲ್ಲೇ ಕೂತು ಹೇಳಿದಳು. ಫೌಸ್ತಿನೊ ಎದ್ದು ಹೋಗಿ ಗೋಪುರದ ಬೀಗದ ಕೈ ತಂದು ಅವಳ ಅಂಗೈಯಲ್ಲಿಟ್ಟ. ನನ್ನ ಮುಖವನ್ನೂ ನೋಡಲಿಲ್ಲ. ಮಾರನೆಯ ದಿನ ಅವಳು ಮೆಟ್ಟಿಲು ಹತ್ತಿದಳು. ಮೊದಲನೆಯದನ್ನಷ್ಟೇ ಅಲ್ಲ, ಎಲ್ಲವನ್ನೂ.

ನನಗೆ ಹೊಟ್ಟೆಕಿಚ್ಚು ಬಂತು. ಸುತ್ತಿ ಬಳಸಿ ಹೇಳುವುದೇನಿದೆ? ಹಾಸಿಗೆಯಿಂದ ಏಳುವಾಗ "ಅಯ್ಯೋ ಮಂಡಿ" ಅನ್ನುವ ಮನುಷ್ಯ ಆ ಕಡಿದಾದ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತಿದ್ದನೋ. ಮನೆಯಲ್ಲಿ ಉಪ್ಪು ಕೊಡು, ಬಾಗಿಲು ಹಾಕು ಅನ್ನುವುದು ಬಿಟ್ಟು ಮಾತೇ ಇಲ್ಲದವನು ಮೇಲೆ ಕೂತು ಅವಳ ಹತ್ತಿರ ಮಾತಾಡುತ್ತಿದ್ದ. ನಾನು ಚೆಸ್ಟ್‌ನಟ್ ಕಾಯಿ ಆರಿಸಲು ಹೋದಾಗ ಮರಗಳ ಮಧ್ಯದಿಂದ ಕೇಳಿಸುತ್ತಿತ್ತು. ಅವನು ತುಟಿ ಚೂಪು ಮಾಡಿ ಒಂದೊಂದೇ ಹಕ್ಕಿಯ ಕೂಗು ಕೂಗಿ ತೋರಿಸುತ್ತಿದ್ದ, ಅವಳು ನಗುತ್ತಿದ್ದಳು. ನನಗಾಗಿ ಅವನು ಒಂದು ಸಲವೂ ಸಿಳ್ಳೆ ಹಾಕಿದವನಲ್ಲ. ನಮ್ಮ ಮದುವೆ ಮಾತುಕತೆಯಲ್ಲೂ ಅವನ ಅಪ್ಪನೇ ಮಾತಾಡಿದ್ದು.

ರೊಟ್ಟಿ ಅಂಗಡಿಯ ಸಾಲಿನಲ್ಲಿ ನಮ್ಮೂರಿನ ವಿಧವೆ ಒರ್ಸೊಲಾ ಸುಮ್ಮನಿರುವವಳೇ ಅಲ್ಲ.

"ಏನೇ ಎರ್ಸಿಲಿಯಾ, ನಿನ್ ಗಂಡ ದಿನಾ ಡಾಕ್ಟ್ರಮ್ಮನ ಹತ್ರ ಹೋಗ್ತಾನಂತಲ್ಲ. ಏನ್ ಕಾಯ್ಲೆ?"

"ವಯಸ್ಸಿನ ಕಾಯ್ಲೆ ಕಣೆ. ನಿನ್ ಗಂಡನಿಗೆ ಅದು ಬರೋವರ್ಗೂ ನೀನು ಬಿಡ್ಲಿಲ್ಲ ಪಾಪ, ನಿನ್ ಬಾಯಿಗೆ ಹೆದರ್ಕೊಂಡು ಮೊದಲೇ ಹೋಗ್ಬಿಟ್ಟ."

ಅಂಗಡಿಯವನು ನಕ್ಕ, ಒರ್ಸೊಲಾಳೂ ನಕ್ಕಳು. ನಾನು ರೊಟ್ಟಿ ತೆಗೆದುಕೊಂಡು ಬಂದೆ. ದಾರಿಯುದ್ದಕ್ಕೂ ಆ ಪೊಟ್ಟಣವನ್ನು ಹಿಸುಕಿ ಹಿಸುಕಿ ರೊಟ್ಟಿ ಪುಡಿಯಾಗಿತ್ತು.

ಆ ಮೊದಲ ವರ್ಷವೇ ಒಂದು ಬೆಳಿಗ್ಗೆ ಅಣಬೆ ಹುಡುಕುವ ನೆಪದಲ್ಲಿ ತೋಪಿನ ಅಂಚಿಗೆ ಹೋದೆ. ನೆಪ ಅಂತ ನಾನೇ ಹೇಳುತ್ತಿದ್ದೇನೆ, ನೀವು ಹೇಳಬೇಕಾಗಿಲ್ಲ. ಮೇಲಿನ ಕಿಂಡಿಯಲ್ಲಿ ಇಬ್ಬರೂ ಕಾಣುತ್ತಿದ್ದರು. ನೊಯೆಮಿ ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ಬಗ್ಗಿಸಿ ಏನೋ ಮಾಡುತ್ತಿದ್ದಳು. ಬೇಗ ಬಿಡಲಿಲ್ಲ. ಅವನು ಕೈ ಕೊಟ್ಟುಕೊಂಡು ಆರಾಮಾಗಿ ಹೊರಗೆ ನೋಡುತ್ತಿದ್ದ. ಮಧ್ಯಾಹ್ನ ಊಟಕ್ಕೆ ಬಂದಾಗ ಹೆಬ್ಬೆರಳಿಗೆ ಬಿಳಿ ಪಟ್ಟಿ ಸುತ್ತಿತ್ತು.

"ಏನದು?"

"ತರಚಿತು."

"ನಾನು ಕಟ್ತಿರ್ಲಿಲ್ವಾ?"

"ಮೇಲೆ ಆಯ್ತು, ಮೇಲೇ ಕಟ್ಟಿದ್ರು. ಬಿಡೇ."

ಮಾರನೆಯ ದಿನ ಹೊಸ ಪಟ್ಟಿ. ಅದರ ಮಾರನೆಯ ದಿನ ಇನ್ನೊಂದು. ರಾತ್ರಿ ಬಿಚ್ಚಿಡುತ್ತಿದ್ದ, ಕೆಳಗೆ ಒಂದು ಗೀರೂ ಇರುತ್ತಿರಲಿಲ್ಲ. ಹಕ್ಕಿ ಬರುವ ಕಾಲ ಮುಗಿಯುವವರೆಗೂ ಹೀಗೆ, ಮುಂದಿನ ವರ್ಷವೂ ಹೀಗೆ. ನಾನು ಮತ್ತೆ ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹೇಳುತ್ತಾನೆ, ಆ ಸುಳ್ಳನ್ನೂ ನಾನೇ ಬಡಿಸಿಕೊಂಡು ಉಣ್ಣಬೇಕು.

ಈ ವರ್ಷ ಅಕ್ಟೋಬರಿನಲ್ಲಿ, ಹಕ್ಕಿಗಳು ಬರಲು ಶುರುವಾದ ಮೇಲೆ, ಅವನು ಒದ್ದೆ ಎಲೆಗಳ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡ. ಆಸ್ಪತ್ರೆಯಿಂದ ಬಂದ ಮೇಲೆ ಮಂಚವನ್ನು ಅಡುಗೆಮನೆಯ ಒಲೆಯ ಪಕ್ಕಕ್ಕೆ, ಬೆಟ್ಟದ ಕಡೆಯ ಕಿಟಕಿಯ ಕೆಳಗೆ ಹಾಕಿಸಿದೆ. ಇನ್ನು ಗೋಪುರ ಹತ್ತುವುದು ಕನಸಿನ ಮಾತು ಅಂತ ಡಾಕ್ಟರು ಹೇಳಿದ್ದರು, ನಿಜವಾದ ಡಾಕ್ಟರು. ನನಗೆ ಬೇಸರವಾಯಿತು. ಅದರ ಹಿಂದೆಯೇ ಒಂಥರಾ ತಣ್ಣಗೂ ಆಯಿತು. ಇನ್ನು ಇಲ್ಲೇ ಇರುತ್ತಾನೆ, ನನ್ನ ಕಣ್ಣೆದುರಿಗೆ.

ಒಂದು ಸಂಜೆ ನೊಯೆಮಿ ಬಂದಳು, ಬೂಟಿನ ತುಂಬ ಕೆಸರು. ಅವಳ ಮುಖ ಬಾಡಿಹೋಗಿತ್ತು.

"ಫೌಸ್ತಿನೊ ಅವರೇ, ನಾಳೆ ಗಾಳಿ ತಿರುಗುತ್ತೆ, ದೊಡ್ಡ ಗುಂಪು ಬರುತ್ತೆ. ಮೇಲಿಂದ ಎಸೆಯೋದೂ ನಾನೇ, ಕೆಳಗೆ ಓಡಿ ಬಂದು ಬಿಡ್ಸೋದೂ ನಾನೇ. ಆಗ್ತಿಲ್ಲ. ಈ ವರ್ಷ ಸರಿಯಾಗಿ ಲೆಕ್ಕ ತೋರ್ಸದೇ ಇದ್ರೆ ಬಂದೂಕಿನವರದ್ದೇ ಗೆಲುವು. ಮುಂದಿನ ವರ್ಷ ನಮ್ಮ ಕೆಲಸಕ್ಕೆ ಒಪ್ಪಿಗೆ ಸಿಗಲ್ಲ."

"ಊರಲ್ಲಿ ಯಾರನ್ನಾದ್ರೂ ಕೇಳಿ" ಎಂದ ಫೌಸ್ತಿನೊ.

"ಕೇಳಿದೆ. ಎಲ್ರ ಮನೇಲೂ ಬಂದೂಕಿದೆ, ಯಾರ್ ಬರ್ತಾರೆ?" ಅವಳು ನನ್ನ ಕಡೆ ತಿರುಗಿದಳು. "ಸಿನ್ಯೋರ ಎರ್ಸಿಲಿಯಾ, ನೀವು?"

"ಅವಳು ಬೇಡ" ಅಂದ ನನ್ನ ಗಂಡ. ನಾನು ಬಾಯಿ ತೆರೆಯುವುದಕ್ಕೂ ಬಿಡಲಿಲ್ಲ.

ಅವನು ಸುಮ್ಮನಿದ್ದಿದ್ದರೆ ನಾನೇ ಆಗಲ್ಲ ಅನ್ನುತ್ತಿದ್ದೆ. "ಯಾಕ್ ಬೇಡ?" ಎಂದೆ.

"ಹೆಂಗಸು ಗೋಪುರ ಹತ್ಬಾರ್ದು."

"ಮತ್ತೆ ಇವರೇನು ಗಂಡ್ಸಾ?"

"ಇವರು ಡಾಕ್ಟ್ರು."

ನೊಯೆಮಿ ತುಟಿ ಕಚ್ಚಿ ನಗು ತಡೆದುಕೊಂಡಳು. ಅವಳ ನಗುವಿಗೂ ನನಗೆ ಸಿಟ್ಟು ಬಂತು, ಯಾಕೆಂದರೆ ನನಗೂ ನಗು ಬಂದಿತ್ತು, ಅವಳ ಜತೆ ಸೇರಿ ನಗಲು ನನಗೆ ಇಷ್ಟವಿರಲಿಲ್ಲ. "ಎಷ್ಟೊತ್ತಿಗೆ ಬರ್ಲಿ?" ಎಂದೆ. ಫೌಸ್ತಿನೊ ಗೋಡೆಯ ಕಡೆ ಹೊರಳಲು ಹೋಗಿ ಸೊಂಟ ಹಿಡಿದುಕೊಂಡ.

ಬೆಳಕು ಹರಿಯುವಾಗ ನಾನು ಆ ಮೆಟ್ಟಿಲುಗಳನ್ನು ಹತ್ತಿದೆ. ಮೇಲಿನ ಕೋಣೆ ನಮ್ಮ ಕೋಳಿಗೂಡಿಗಿಂತ ದೊಡ್ಡದೇನಲ್ಲ. ಕಿಂಡಿಯ ಮುಂದೆ ಎರಡು ಕುರ್ಚಿ, ಒಂದಕ್ಕೊಂದು ತಾಗಿಕೊಂಡು. ಕಳೆದುಹೋಯಿತು ಅಂತ ನಾನು ಮನೆಯೆಲ್ಲ ಜಾಲಾಡಿದ್ದ ಅವನ ಉಣ್ಣೆ ಜಾಕೀಟು ಮೊಳೆಗೆ ನೇತುಬಿದ್ದಿತ್ತು, ಅದರ ಮೇಲೆ ಅವಳ ಶಾಲು. ಗೋಡೆಯ ಗೂಡಿನಲ್ಲಿ ನನ್ನ ಅಂಜೂರದ ಜಾಮಿನ ಬಾಟಲಿ, ಒಂದೇ ಚಮಚ.  ಚಮಚ ಒಂದೇ ಯಾಕೆ ಅಂತ ಕೇಳಬೇಕೆನಿಸಿತು.

"ಇಲ್ಲಿಂದ ನಿಮ್ಮ ಮನೆ ಕಾಣುತ್ತೆ" ಎಂದಳು ನೊಯೆಮಿ. ಕಾಣುತ್ತಿತ್ತು. ಅಂಗಳ, ಬಟ್ಟೆ ಒಣಹಾಕುವ ಹಗ್ಗ, ಹೊಗೆಗೂಡು, ಎಲ್ಲ. "ಹೊಗೆ ನೋಡೇ ಹೇಳ್ತಾರೆ, ಈಗ ಪೊಲೆಂತ ಮುದ್ದೆಗೆ ನೀರಿಟ್ಳು ಅಂತ."

"ಅಷ್ಟು ಚೆನ್ನಾಗಿ ಕಾಣ್ತಿದ್ರೆ ಇಳಿದು ಬಂದು ಸೌದೆ ಒಡೀಬಹುದಿತ್ತು."

ಅವಳು ಈ ಸಲ ತಡೆದುಕೊಳ್ಳದೆ ನಕ್ಕಳು. ಸುಳ್ಳು ಗಿಡುಗವನ್ನು ಹಿಡಿಯುವುದು ಹೇಗೆ, ಯಾವ ಮರದ ತುದಿಯ ಮೇಲಿಂದ ಹೋಗಬೇಕು ಅಂತ ತೋರಿಸಿದಳು. ಮೊದಲನೆಯದು ಗೋಡೆಗೆ ಬಡಿದು ಬಿತ್ತು. ಎರಡನೆಯದನ್ನು ತಡವಾಗಿ ಎಸೆದೆ. ಆಮೇಲೆ ಉತ್ತರದ ಕಡೆಯಿಂದ ಒಂದು ಗುಂಪು ಬಂದು ತೋಪಿನಲ್ಲಿ ಇಳಿಯಿತು. ಎಲೆಗಳೆಲ್ಲ ಒಮ್ಮೆಗೇ ಚಿಲಿಪಿಲಿ ಅನ್ನತೊಡಗಿದವು. ನೊಯೆಮಿ ನನ್ನ ತೋಳು ಮುಟ್ಟಿದಳು, ನಾನು ಎಸೆದೆ. ಬೆತ್ತ ಗಾಳಿಯಲ್ಲಿ ಸುಯ್ಯೆಂದು ಹೋಯಿತು, ಇಡೀ ತೋಪು ಉಸಿರು ಹಿಡಿಯಿತು, ಅಷ್ಟೂ ಹಕ್ಕಿಗಳು ಕೆಳಕ್ಕೆ ಬಿದ್ದವು. ನಾನು ಗೋಡೆ ಹಿಡಿದುಕೊಂಡೆ. ಇಷ್ಟು ದೊಡ್ಡ ಸುಖವನ್ನು ಇವನು ಒಬ್ಬನೇ ತಿಂದನಲ್ಲ, ನನ್ನನ್ನು ಕೆಳಗೆ ಪುಕ್ಕದ ಮಧ್ಯೆ ಕೂರಿಸಿ. ಈಗ ಅದರಲ್ಲಿ ಪಾಲು ಕೊಟ್ಟದ್ದು ಇವಳಿಗೆ.

"ನೀವು ಚೀಲ ಹಿಡ್ಕೊಂಡ್ರೆ ಸಾಕು, ಹಕ್ಕಿ ನಾನೇ ಬಿಡಿಸ್ತೀನಿ" ಎಂದಳು ಕೆಳಗೆ ಇಳಿಯುವಾಗ. ಆದರೆ ಬಲೆಯಲ್ಲಿ ಬಹಳ ಹಕ್ಕಿಗಳಿದ್ದವು. ಅವಳೊಬ್ಬಳೇ ಒಂದೊಂದೇ ದಾರ ಬಿಡಿಸುತ್ತ ಬರುವಷ್ಟರಲ್ಲಿ ಉಳಿದವು ಒದ್ದಾಡಿ ಸುಸ್ತಾಗುತ್ತಿದ್ದವು. ನನ್ನ ಮುಂದೆಯೇ ಒಂದು ಕೆಂಪೆದೆಯ ಪುಟ್ಟ ಹಕ್ಕಿ ತಲೆಕೆಳಗಾಗಿ ಜೋತಾಡುತ್ತಿತ್ತು. ಬಲೆ ನನ್ನ ಬೆರಳುಗಳಿಗೆ ಹೊಸತಲ್ಲ, ಹರಿದಾಗಲೆಲ್ಲ ಹೆಣೆದವಳು ನಾನೇ. ಎರಡು ಎಳೆ ಸರಿಸಿದೆ, ಕಾಲು ಬಿಡಿಸಿದೆ, ರೆಕ್ಕೆ ಬಿಡಿಸಿದೆ. ಹಕ್ಕಿ ನನ್ನ ಅಂಗೈಯಲ್ಲಿ ಬೆಚ್ಚಗೆ ಕೂತಿತು. ಅದರ ಎದೆ ಟಕಟಕ ಅನ್ನುತ್ತಿತ್ತು. "ನೋಡಿ, ಬಿಡಿಸ್ದೆ" ಅಂತ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ನನ್ನ ಹೆಬ್ಬೆರಳು ತಾನೇ ಹೋಗಿ ಎದೆಯ ಮೇಲೆ ಕೂತು ಒತ್ತಿತು. ಸಣ್ಣಗೆ, ಒಣ ಕಡ್ಡಿ ಮುರಿದಷ್ಟು ಸದ್ದು.

ನನಗೆ ಒತ್ತುವ ಮನಸ್ಸಿರಲಿಲ್ಲ. ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಕೈ ಬಿಡಿಸಿ ನೋಡಿದೆ, ಅದರ ಕಣ್ಣು ಇನ್ನೂ ಹೊಳೆಯುತ್ತಿತ್ತು, ಕತ್ತು ವಾಲಿತ್ತು. ಕಾಲಿನಲ್ಲಿ ಉಂಗುರವಿತ್ತು.

ನೊಯೆಮಿ ಬಂದು ನನ್ನ ಅಂಗೈಯಿಂದ ಎತ್ತಿಕೊಂಡು ಉಂಗುರವನ್ನು ಓದಿದಳು. "ಹೋದ ವರ್ಷ ಇಲ್ಲೇ ಹಾಕಿದ್ದು. ಹೋಗಿ ಮತ್ತೆ ಬಂದಿದೆ." ಅವಳು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದಳು.

"ನಿಮ್ಮ ತಪ್ಪಲ್ಲ ಸಿನ್ಯೋರ. ಫೌಸ್ತಿನೊ ಅವರಿಗೂ ಮೊದಲ ವರ್ಷ ಹೀಗೇ ಆಗ್ತಿತ್ತು. ಬಿಡ್ಬೇಕು ಅಂತಾನೇ ಹಿಡಿಯೋರು, ಬೆರಳು ಮಾತು ಕೇಳ್ತಿರ್ಲಿಲ್ಲ. ಅದಕ್ಕೇ ನಾನು ದಿನಾ ಬೆಳಿಗ್ಗೆ ಹೆಬ್ಬೆರಳಿಗೆ ಪಟ್ಟಿ ಬಿಗಿಯಾಗಿ ಸುತ್ತೋಕೆ ಶುರು ಮಾಡ್ದೆ, ಮಡಚೋಕೆ ಆಗ್ದೇ ಇರ್ಲಿ ಅಂತ. ಈಗ ಬೇಕಾಗಿಲ್ಲ. ಆದ್ರೂ ಬಂದ ತಕ್ಷಣ ಕೈ ಚಾಚ್ತಾರೆ."

ಹಾಗಾದರೆ ಅಷ್ಟೇ. ಕಿಂಡಿಯಲ್ಲಿ ನಾನು ಕಂಡದ್ದು ಅಷ್ಟೇ. ನನ್ನ ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು, ಇಳಿಯಲಿಲ್ಲ.

"ಅವನು ಏನಂದ, ಹಾಗೆ ಆದಾಗ?" ಎಂದು ಕೇಳಿದೆ.

"ಏನೂ ಅನ್ಲಿಲ್ಲ." ಅವಳು ಬೆಂಚಿನ ಕಡೆ ಕೈ ತೋರಿಸಿದಳು. "ಒಂದಿನ ಇಲ್ಲೇ, ಈ ಬೆಂಚಿನ ಮೇಲೇ ಕೂತು ಅತ್ರು. ಬಹಳ ಹೊತ್ತು. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ನಿಮ್ಮ ಗಂಡನನ್ನು ತಬ್ಬಿಕೊಂಡಿದ್ದೆ ಅಂತ ಅವಳು ಅಂದಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಅವನ ತಾಯಿ ಸತ್ತಾಗ ಅವನು ಅಳಲಿಲ್ಲ. ನಮ್ಮ ಮೊದಲ ಮಗು ಹೊಟ್ಟೆಯಲ್ಲೇ ತೀರಿಕೊಂಡಾಗ ಹಿತ್ತಲಿಗೆ ಹೋಗಿ ಸಂಜೆಯವರೆಗೆ ಸೌದೆ ಒಡೆದ, ಅಷ್ಟೇ. ನಾನು ಒಬ್ಬಳೇ ಅತ್ತು ಮುಗಿಸಿದೆ. ಇವನಿಗೆ ಕಣ್ಣೀರೇ ಇಲ್ಲ, ದೇವರು ಇವನನ್ನು ಹೀಗೇ ಮಾಡಿದ್ದಾನೆ ಅಂತ ಸಮಾಧಾನ ಮಾಡಿಕೊಂಡು ಬದುಕಿದ್ದೆ. ಕಣ್ಣೀರು ಇತ್ತು. ಅದನ್ನು ನನ್ನ ಬೆಂಚಿನ ಮೇಲೆ ಕೂತು ಅವಳ ಮುಂದೆ ಹಾಕಿದ್ದ.

ಆ ಬೆಳಿಗ್ಗೆ ನಾನು ಮತ್ತೆ ಹಕ್ಕಿ ಮುಟ್ಟಲಿಲ್ಲ. ಮೇಲಿಂದ ಎಸೆದೆ, ಇಳಿದು ಬಂದು ಚೀಲ ಹಿಡಿದೆ. ಅವಳು ಒಂದೊಂದಕ್ಕೇ ಉಂಗುರ ತೊಡಿಸಿ ಬಿಟ್ಟಳು. ಒಳ್ಳೆಯ ದಿನ ಅಂತ ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಹೊರಡುವಾಗ ಆ ಸತ್ತ ಹಕ್ಕಿಯನ್ನು ಕೇಳಿದೆ. ಅವಳು ಉಂಗುರವನ್ನು ಬಿಚ್ಚಿಟ್ಟುಕೊಂಡು ಹಕ್ಕಿಯನ್ನು ಕೊಟ್ಟಳು.

ಮನೆಯಲ್ಲಿ ಫೌಸ್ತಿನೊ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದ. ನಾನು ಚಪ್ಪಲಿ ಬಿಡುವುದಕ್ಕೂ ಕಾಯಲಿಲ್ಲ.

"ಬಲೆಗೆ ಬಿದ್ವಾ?"

"ಬಿದ್ವು."

"ಯಾರು ಎಸೆದ್ರು?"

"ನಾನು."

"ಎರಡನೇದು ತಡವಾಯ್ತು. ಕಿಟಕಿಯಿಂದ ನೋಡ್ದೆ, ಗುಂಪು ಮೇಲಕ್ಕೇ ಹೋಯ್ತು." ಅವನ ದನಿಯಲ್ಲಿ ಹೊಟ್ಟೆಕಿಚ್ಚಿತ್ತು. ಅದರ ವಾಸನೆ ನನಗೆ ಚೆನ್ನಾಗಿ ಗೊತ್ತು. "ಇಷ್ಟ್ ಹೊತ್ತು ಇಬ್ರೂ ಏನ್ ಮಾತಾಡ್ತಿದ್ರಿ?"

ಬೇರೆ ದಿನವಾಗಿದ್ದರೆ ಆ ಪ್ರಶ್ನೆಯನ್ನು ವಾರಗಟ್ಟಲೆ ಚಪ್ಪರಿಸುತ್ತಿದ್ದೆ. ಈಗ ಏಪ್ರನ್ನಿನ ಜೇಬಿನಿಂದ ಹಕ್ಕಿ ತೆಗೆದು ಅವನ ಹೊದಿಕೆಯ ಮೇಲಿಟ್ಟೆ. ಅವನು ಹಕ್ಕಿಯನ್ನು ನೋಡಿದ, ಆಮೇಲೆ ನನ್ನ ಕೈಯನ್ನು.

"ಅದಕ್ಕೇ ಬೇಡ ಅಂದಿದ್ದು" ಎಂದ ಮೆಲ್ಲಗೆ. "ಅವರು ಹೇಳಿದ್ರಾ?"

"ಹೇಳಿದ್ಳು. ನೀನು ಅತ್ತಿದ್ದೂ ಹೇಳಿದ್ಳು."

"ಹೇಳ್ಬಾರ್ದಿತ್ತು."

"ನೀನ್ ಹೇಳ್ಬೇಕಿತ್ತು. ನನಗೆ. ಯಾಕ್ ಹೇಳ್ಲಿಲ್ಲ?"

ಅವನು ಒಲೆಯ ಕಡೆ ಮುಖ ತಿರುಗಿಸಿದ. "ನಿನಗೆ ಏನಂತ ಹೇಳ್ಲಿ ಎರ್ಸಿಲಿಯಾ? ಅಷ್ಟು ವರ್ಷ ಪುಕ್ಕ ಕಿತ್ತವಳು ನೀನು. ನಾನು ತಂದಿಟ್ಟೆ, ನೀನ್ ಕಿತ್ತೆ. ನಾನು ಮಾಡಿದ್ದು ಪಾಪ ಅಂದ್ರೆ ಅದು ನಿನ್ನ ಮೇಲೂ ಬೀಳುತ್ತೆ. ನೀನಾದ್ರೂ ಆರಾಮಾಗಿರ್ಲಿ ಅಂತ."

"ಯಾರ್ ಕೇಳಿದ್ರು ನಿನ್ನ ಆರಾಮ?" ನನ್ನ ದನಿ ಏರಿತು, ಏರಲಿ. "ದುಡಿಮೇಲಿ ನನಗೆ ಪಾಲು ಕೊಟ್ಟೆ, ಹಸಿವಲ್ಲಿ ಕೊಟ್ಟೆ, ನಿನ್ನ ಅಪ್ಪನ ಹೇಲು ಉಚ್ಚೆ ಬಳಿಯೋದ್ರಲ್ಲಿ ಪೂರ್ತಿ ಕೊಟ್ಟೆ. ಪಾಪದ ಪಾಲು ತಗೊಳೋಕೆ ಮಾತ್ರ ಮಿಲಾನಿಂದ ಒಬ್ಬಳು ಬರ್ಬೇಕಾಯ್ತಾ?"

ಅವನು ಹಕ್ಕಿಯನ್ನು ಎತ್ತಿಕೊಂಡು, ಮಡಚಿಹೋಗಿದ್ದ ಒಂದು ರೆಕ್ಕೆಯನ್ನು ನೇರ ಮಾಡಿದ.

"ಸದ್ದು ಕೇಳಿಸ್ತಾ ನಿನಗೆ?"

"ಕೇಳಿಸ್ತು."

"ನಲವತ್ತು ವರ್ಷ ನನಗೆ ಕೇಳಿಸ್ಲಿಲ್ಲ ಕಣೆ. ಒಂದಕ್ಕೂ. ಈಗ ಎಲ್ಲದರದ್ದೂ ಕೇಳಿಸುತ್ತೆ. ಕೂತ್ರೂ, ಮಲಗಿದ್ರೂ."

ಆಮೇಲೆ ಅವನು ಅತ್ತ. ನಾನು ಹಾಸಿಗೆಯ ಅಂಚಿನಲ್ಲಿ ಕೂತು ಅವನ ತಲೆಯನ್ನು ಎದೆಗೊರಗಿಸಿಕೊಂಡೆ, ನನಗೂ ತಡೆಯಲಾಗಲಿಲ್ಲ, ಇಬ್ಬರ ಮೂಗೂ ಸೋರುತ್ತಿತ್ತು, ಒಂದೇ ಏಪ್ರನ್ನಿನಲ್ಲಿ ಒರೆಸಿಕೊಂಡೆವು. ಅಳುವಾಗ ಅವನ ಕೆಳದುಟಿ ಎಡಕ್ಕೆ ಜಾರುತ್ತದೆ, ಸಣ್ಣ ಮಕ್ಕಳದ್ದು ಜಾರುವ ಹಾಗೆ. ಅದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ನೊಯೆಮಿಗೆ ನಾಲ್ಕು ವರ್ಷದಿಂದ ಗೊತ್ತು.